ಫೂಜಿಗೆ ದಾರಿ ತೋರಿದವರು

ಹೊಕುಸಾಯ್ ಎಂಬ ಜಪಾನೀ ಚಿತ್ರಕಾರ 1830ರ ಸುಮಾರಿನಲ್ಲಿ ಫೂಜಿ ಪರ್ವತದ ‘ಮೂವತ್ತಾರು ನೋಟಗಳು’ ಎಂಬ ಮರದಚ್ಚಿನ ಚಿತ್ರಮಾಲೆಯನ್ನು ಹೊರಡಿಸಲಾರಂಭಿಸಿದ. ಜನ ಮೆಚ್ಚಿ ಕೊಂಡದ್ದರಿಂದ ಮೂವತ್ತಾರಕ್ಕೆ ಮತ್ತೆ ಹತ್ತು ಸೇರಿ ಒಟ್ಟು 46 ಚಿತ್ರಗಳಾದುವು. ಹೆಸರು ಮಾತ್ರ ಹಿಂದಿನದೇ ಉಳಿಯಿತು. ಅಲೆಯ ಕೆಳಗಿನ ಫೂಜಿ, ಕೆಂಪಗೆ ಹೊಳೆಯುವ ಫೂಜಿ ಇವೆಲ್ಲ ಕ್ಯಾಲೆಂಡರುಗಳ ಮೂಲಕ ನಮ್ಮ ಮನೆಗಳ ಗೋಡೆಗೂ ಬಂದಿವೆ. ಆದರೆ ಆ ಮಾಲೆಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಚಿತ್ರವುಂಟು. ಅದರಲ್ಲಿ ನಮಗೆ ಪರಿಚಿತವಾದ ಫೂಜಿಯ ಆಕಾರವೇ ಇಲ್ಲ. ಇರುವುದು ಕೆಂಗಪ್ಪು ಬಂಡೆ, ಒಂದು ಏಣಿ, ಹುಲ್ಲಿನ ಟೋಪಿ ಹಾಕಿ ಕೋಲೂರಿ ಬಾಗಿ ನಡೆಯುತ್ತಿರುವ ಕೆಲವರು, ಮೇಲೊಂದು ಗುಹೆಯಲ್ಲಿ ಒಬ್ಬರಿಗೊಬ್ಬರು ಒತ್ತಿ ಮುದುಡಿ ಕುಳಿತ ಮತ್ತೆ ಕೆಲವರು. ಉಳಿದ ಚಿತ್ರಗಳು ಪರ್ವತವನ್ನು ನೋಡುವವರ ಫೂಜಿಯಾದರೆ, ಇದು ಹತ್ತುವವರ ಫೂಜಿ.

ಈ ಜನ ಯಾರು? ಪೇಟೆಯ ಅಂಗಡಿ ಬಿಟ್ಟು, ಹೊಲ ಬಿಟ್ಟು, 3,776 ಮೀಟರ್ ಎತ್ತರದ ಅಗ್ನಿಪರ್ವತದ ತುದಿಗೆ ಇವರನ್ನು ಕರೆತಂದವರು ಯಾರು? ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತದ್ದು ತೀರ ಲೌಕಿಕವಾದ ಕಾರಣದಿಂದ. ನಾವು ನಾಲ್ವರು ಸ್ನೇಹಿತರು ಫೂಜಿ ಯಾತ್ರೆಯ ಯೋಜನೆಯೊಂದನ್ನು ಹಾಕುತ್ತಿದ್ದೇವೆ. ಖರ್ಚಿನ ಪಟ್ಟಿ ಬರೆಯುವಾಗ ‘ಮಾರ್ಗದರ್ಶಿ’ ಎಂಬ ಬಾಬತ್ತಿನ ಬಳಿಗೆ ಬಂದು ನಮ್ಮ ಲೇಖನಿ ನಿಂತಿತು. ದಾರಿಯುದ್ದಕ್ಕೂ ಫಲಕಗಳಿವೆ, ಅಂಗೈಯಲ್ಲಿ ನಕ್ಷೆಯಿದೆ; ಹೀಗಿರುವಾಗ ದಾರಿ ತೋರುವವನಿಗೆ ದುಡ್ಡೇಕೆ ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಾಲ್ಕು ಶತಮಾನಗಳ ಚರಿತ್ರೆ ಎದುರಾಗುತ್ತದೆ.

ಮೊದಮೊದಲು ಫೂಜಿ ಹತ್ತುವ ಬೆಟ್ಟವಾಗಿರಲಿಲ್ಲ. ದೂರ ನಿಂತು ಕೈಮುಗಿಯುವ ಬೆಟ್ಟವಾಗಿತ್ತು. ಕಾರಣ ಸ್ಪಷ್ಟ. ಅದು ಬೆಂಕಿ ಕಾರುತ್ತಿತ್ತು. 864ರಲ್ಲಿ ಆದ ಮಹಾಸ್ಫೋಟದಲ್ಲಿ ಹರಿದ ಲಾವಾರಸ ಬುಡದ ದೊಡ್ಡ ಸರೋವರವೊಂದನ್ನು ಒಡೆದುಬಿಟ್ಟಿತು. ಪರ್ವತದ ದೇವತೆಯನ್ನು ಶಾಂತಗೊಳಿಸಲೆಂದು ಸುತ್ತಲೂ ‘ಸೆಂಗೆನ್’ ಎಂಬ ಹೆಸರಿನ ಗುಡಿಗಳು ಎದ್ದುವು. ಹೂವಿನಂತೆ ಅರಳಿ ಉದುರುವ ಚೆಲುವಿನ ಒಡತಿ ಕೊನೊಹನಸಾಕುಯಾ ಈ ಗುಡಿಗಳ ದೇವಿ. ಆದರೂ ಮೇಲೇರಿದ ಸಾಹಸಿಗಳು ಅಲ್ಲೊಬ್ಬ ಇಲ್ಲೊಬ್ಬ ಇದ್ದೇ ಇದ್ದರು. 9ನೆಯ ಶತಮಾನದಲ್ಲಿ ಮಿಯಾಕೊ ನೋ ಯೋಶಿಕಾ ಎಂಬ ವಿದ್ವಾಂಸ ಬರೆದ ಫೂಜಿಯ ವೃತ್ತಾಂತದಲ್ಲಿ ಶಿಖರದ ಬಾಯಿಯ ವರ್ಣನೆಯಿದೆ. ಕಂಡವರಿಂದ ಕೇಳಿಯಲ್ಲದೆ ಅದನ್ನು ಬರೆಯುವುದು ಸಾಧ್ಯವಿಲ್ಲ.

ಬೆಂಕಿ ತಣ್ಣಗಾದ ಮೇಲೆ ಬೌದ್ಧ ಸಾಧಕರು ಬಂದರು. ಹನ್ನೆರಡನೆಯ ಶತಮಾನದಲ್ಲಿ, 1149ರ ಹೊತ್ತಿಗೆ, ಮತ್ಸುದಾಯ್ ಎಂಬ ಸಂನ್ಯಾಸಿ ಶಿಖರದ ಮೇಲೆ ದೈನಿಚಿ ಬುದ್ಧನ ಆಲಯವನ್ನು ಕಟ್ಟಿಸಿದ. ದೈನಿಚಿ ಎಂದರೆ ನಮ್ಮ ಮಹಾವೈರೋಚನ. ಸಂಸ್ಕೃತ ಗ್ರಂಥಗಳಿಂದ ಚೀನಾದ ಮೂಲಕ ಜಪಾನಿಗೆ ಹೋದ ಬುದ್ಧ. ಶಿಖರದ ಬಾಯಿಯ ಸುತ್ತಲಿನ ಎಂಟು ಶೃಂಗಗಳನ್ನು ಈ ಸಾಧಕರು ಅಷ್ಟದಳ ಪದ್ಮವೆಂದು ಕಂಡರು. ನಡುವೆ ವೈರೋಚನ, ಸುತ್ತಲೂ ಎಸಳುಗಳ ಮೇಲೆ ಬುದ್ಧರು ಮತ್ತು ಬೋಧಿಸತ್ತ್ವರು. ಭಾರತದಲ್ಲಿ ಕಲ್ಪಿತವಾದ ಮಂಡಲವೊಂದು ಪೂರ್ವಸಮುದ್ರದ ದ್ವೀಪದಲ್ಲಿ ಬಂಡೆಯಾಗಿ ನಿಂತದ್ದು ಹೀಗೆ.

ಆದರೆ ಇದು ತಪಸ್ವಿಗಳ ಮಾತಾಯಿತು. ಸಾಮಾನ್ಯ ಜನ ಹತ್ತತೊಡಗಿದ ಕಥೆಯೇ ಬೇರೆ. ಅದರ ಮೂಲಪುರುಷ ಹಸೆಗಾವಾ ಕಾಕುಗ್ಯೋ. ಸಂಪ್ರದಾಯದ ಪ್ರಕಾರ 1541ರಲ್ಲಿ ಹುಟ್ಟಿ 1646ರವರೆಗೆ ಬದುಕಿದ ಈತ, ಫೂಜಿಯ ಬುಡದ ಹಿತೊಆನಾ ಎಂಬ ಗುಹೆಯಲ್ಲಿ ಚೌಕದ ಮರದ ತುಂಡಿನ ತುದಿಯ ಮೇಲೆ ಸಾವಿರ ದಿನ ನಿಂತು ತಪಸ್ಸು ಮಾಡಿದನಂತೆ. ಭಕ್ತರ ಲೆಕ್ಕದ ದಿನಗಳನ್ನು ನಾವು ಎಣಿಸಿ ನೋಡಬೇಕಾಗಿಲ್ಲ. ರೋಗ ಕಳೆಯುವ ರಕ್ಷೆಯ ಕಾಗದಗಳನ್ನು ಹಂಚುತ್ತ ಆತ ಊರ ಜನರ ನಡುವೆ ಬಂದ ಎಂಬುದು ಮುಖ್ಯ. ಪರ್ವತ ಮಠದಿಂದ ಇಳಿದು ಪೇಟೆಗೆ ಬಂತು.

ಆ ಪರಂಪರೆಯಲ್ಲಿ ಆರನೆಯವನು ಜಿಕಿಗ್ಯೋ ಮಿರೋಕು. ಮಿರೋಕು ಎಂಬುದು ಮೈತ್ರೇಯನ ಜಪಾನೀ ಹೆಸರು. ಮುಂದೆ ಬರಲಿರುವ ಬುದ್ಧನ ಹೆಸರನ್ನು ಈತ ತಾನೇ ಇಟ್ಟುಕೊಂಡ. ಈತ ಸಂನ್ಯಾಸಿಯಲ್ಲ. ಎಡೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಎಣ್ಣೆ ಮಾರುತ್ತಿದ್ದ ವ್ಯಾಪಾರಿ. ಹೆಂಡತಿ ಮಕ್ಕಳುಳ್ಳ ಗೃಹಸ್ಥ. ಅವರವರ ಮನೆಯ ಕೆಲಸವನ್ನು ಅವರವರು ಪ್ರಾಮಾಣಿಕವಾಗಿ ಮಾಡುವುದೇ ಸಾಧನೆ, ಯೋಧ ರೈತ ಕುಶಲಕರ್ಮಿ ವರ್ತಕ ಎಂಬ ನಾಲ್ಕು ವರ್ಗಗಳೂ ಒಂದಕ್ಕೊಂದು ಆಧಾರ, ಹೆಣ್ಣು ಗಂಡಿಗಿಂತ ಅಶುದ್ಧಳಲ್ಲ ಎಂಬುದು ಈತನ ಬೋಧೆ. 1732ರಲ್ಲಿ ಪಶ್ಚಿಮ ಜಪಾನಿನಲ್ಲಿ ಭೀಕರ ಕ್ಷಾಮ ಬಿತ್ತು. ಮರುವರ್ಷ ಎಡೋ ನಗರದಲ್ಲಿ ಅಕ್ಕಿಯ ಬೆಲೆ ಏರಿ, ಹಸಿದ ಜನ ಅಕ್ಕಿ ವರ್ತಕನ ಮನೆಯನ್ನು ನುಗ್ಗಿ ಒಡೆದರು. ಆ 1733ರ ಬೇಸಗೆಯಲ್ಲಿ ಜಿಕಿಗ್ಯೋ ಫೂಜಿಯನ್ನೇರಿ, ಏಳನೆಯ ಹಂತದ ಬಂಡೆಯೊಂದರ ಬಳಿ ಕುಳಿತು, ಅನ್ನ ಬಿಟ್ಟು 31 ದಿನ ಉಪದೇಶಿಸುತ್ತ ದೇಹತ್ಯಾಗ ಮಾಡಿದ. ನಮ್ಮ ನಾಡಿನಲ್ಲಿ ಸಲ್ಲೇಖನದ ಶಾಸನಗಳನ್ನು ಓದಿದವರಿಗೆ ಈ ಮರಣ ತೀರ ಅಪರಿಚಿತವೆನಿಸದು. ಆದರೆ ಇಲ್ಲಿ ಉದ್ದೇಶ ಬೇರೆ. ಹಸಿದ ಲೋಕ ನೇರ್ಪಡಲಿ ಎಂಬುದು ಆತನ ಸಂಕಲ್ಪ.

ಆ 31 ದಿನವೂ ಪಕ್ಕದಲ್ಲಿದ್ದು ಅವನ ಮಾತುಗಳನ್ನು ಬರೆದುಕೊಂಡವನು ತಾನಾಬೆ ಜೂರೋಎಮೋನ್. ಇವನು ಯಾರು? ಫೂಜಿಯ ಉತ್ತರದ ಬುಡದಲ್ಲಿರುವ ಕಾಮಿಯೋಶಿದಾ ಊರಿನ ಒಬ್ಬ ‘ಓಶಿ’. ನಾನು ಹೇಳಹೊರಟ ಮಾರ್ಗದರ್ಶಿ ಈ ಓಶಿಯೇ. ಒಂದು ಪಂಥದ ಮೂಲಗ್ರಂಥವನ್ನು ನಮಗೆ ಉಳಿಸಿಕೊಟ್ಟವನು ಯಾತ್ರಿಕರಿಗೆ ದಾರಿ ತೋರುವವನು ಎಂಬುದನ್ನು ಮರೆಯಬಾರದು.

ಜಿಕಿಗ್ಯೋನ ಮರಣಾನಂತರ ಎಡೋ ನಗರದಲ್ಲಿ ‘ಫೂಜಿ-ಕೋ’ ಎಂಬ ಭಕ್ತಸಂಘಗಳು ಓಣಿ ಓಣಿಗೆ ಹುಟ್ಟಿಕೊಂಡುವು. ನಗರದಲ್ಲಿ 808 ಸಂಘಗಳು, 80,000 ಭಕ್ತರು ಎಂದು ಜನ ಹೇಳುತ್ತಿದ್ದರು. ಅದು ಎಣಿಕೆಗಿಂತ ಹೆಚ್ಚಾಗಿ ಗಾದೆಯ ಮಾತು. ಆದರೆ ಗಾದೆ ಸುಮ್ಮನೆ ಹುಟ್ಟುವುದಿಲ್ಲ. ಈ ಸಂಘದ ವ್ಯವಸ್ಥೆ ನಮ್ಮ ಓದುಗರಿಗೆ ಒಡನೆ ಅರ್ಥವಾದೀತು, ಏಕೆಂದರೆ ಅದು ನಮ್ಮ ಚೀಟಿಯೇ. ಸದಸ್ಯರೆಲ್ಲ ಆಗಾಗ ಸ್ವಲ್ಪ ಸ್ವಲ್ಪ ಹಣ ಕಟ್ಟುತ್ತಾರೆ. ಬೇಸಗೆ ಹತ್ತಿರವಾದಾಗ ಚೀಟಿ ಎತ್ತುತ್ತಾರೆ. ಹೆಸರು ಬಂದ ಕೆಲವರು ಸಂಘದ ಹಣದಲ್ಲಿ ಫೂಜಿಗೆ ಹೊರಡುತ್ತಾರೆ. ಹೋದವರು ತಮಗಾಗಿ ಮಾತ್ರ ಹೋಗುವುದಿಲ್ಲ; ಉಳಿದವರೆಲ್ಲರ ಹರಕೆಯನ್ನು ಹೊತ್ತು ಹೋಗಿ, ಎಲ್ಲರಿಗೂ ರಕ್ಷೆಯ ಕಾಗದ ತರುತ್ತಾರೆ. ಕೆಲವು ವರ್ಷಗಳಲ್ಲಿ ಎಲ್ಲರ ಸರದಿಯೂ ಮುಗಿಯುತ್ತದೆ. ಬಡಗಿಗೂ ಮೀನು ಮಾರುವವನಿಗೂ ಒಬ್ಬೊಬ್ಬನಾಗಿ ಎಟುಕದ ಶಿಖರ ಹತ್ತು ಮನೆಯವರು ಸೇರಿದಾಗ ಎಟುಕಿತು.

ತಂಡಕ್ಕೆ ಮುಂದಾಳು ‘ಸೆಂದಾತ್ಸು’. ಹಲವು ಸಲ ಪರ್ವತ ಹತ್ತಿದ ಅನುಭವಿ. ಎಡೋ ನಗರದಿಂದ ಕೋಶೂ ಹೆದ್ದಾರಿಯಲ್ಲಿ ಸುಮಾರು ಮೂರು ದಿನ ನಡೆದರೆ ಕಾಮಿಯೋಶಿದಾ. ಅಲ್ಲಿ ಸೆಂದಾತ್ಸುವಿನ ಹೊಣೆ ಅರ್ಧ ಇಳಿದು ಓಶಿಯ ಹೆಗಲಿಗೆ ಬರುತ್ತಿತ್ತು.

ಓಶಿ ಎಂದರೆ ಪುರೋಹಿತ, ಛತ್ರದ ಯಜಮಾನ, ಪ್ರಯಾಣದ ವ್ಯವಸ್ಥಾಪಕ ಮೂರೂ ಒಂದಾದ ಮನುಷ್ಯ. ಕಾಶಿ ಗಯೆಗಳಲ್ಲಿ ನಮ್ಮ ಹಿರಿಯರು ಕಂಡ ಪಂಡರನ್ನು ನೆನೆದರೆ ಸ್ಥೂಲವಾದ ಕಲ್ಪನೆ ಬರುತ್ತದೆ. ಕಾಮಿಯೋಶಿದಾದ ಏರುಬೀದಿಯ ಎರಡು ಬದಿಗೂ ಉಚ್ಛ್ರಾಯಕಾಲದಲ್ಲಿ ಇಂಥವರ 86 ಮನೆಗಳಿದ್ದುವು. ಪ್ರತಿಯೊಂದು ಮನೆಗೂ ತನ್ನದೇ ಆದ ಭಕ್ತಸಂಘಗಳು. ಮಂಜಿನ ತಿಂಗಳುಗಳಲ್ಲಿ ಓಶಿ ಬೆಟ್ಟ ಬಿಟ್ಟು ಎಡೋಗೆ ಇಳಿದು, ತನ್ನ ಸಂಘಗಳ ಮನೆಮನೆಗೂ ಹೋಗಿ ರಕ್ಷೆ ಹಂಚಿ, ಕುಶಲ ವಿಚಾರಿಸಿ, ಬರುವ ಬೇಸಗೆಗೆ ಯಾರು ಯಾರು ಹೊರಡುವರೆಂದು ತಿಳಿದು ಬರುತ್ತಿದ್ದ. ಬೇಸಗೆಯಲ್ಲಿ ಅವರು ಬಾಗಿಲಿಗೆ ಬಂದಾಗ ಅವನಿಗೆ ಅವರು ಅಪರಿಚಿತರಲ್ಲ. ಯಾರ ಮೊಣಕಾಲು ನೋಯುತ್ತದೆ, ಯಾರ ಮನೆಯಲ್ಲಿ ಸಾವು ಸಂಭವಿಸಿದೆ ಎಂಬುದೂ ಇಂಥವನ ಕಿವಿಗೆ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಈ ಮನೆಗಳಲ್ಲಿ 1768ರಲ್ಲಿ ಕಟ್ಟಿದ ತೊಗಾವಾ ಮನೆತನದ ಮನೆ ಇಂದಿಗೂ ನಿಂತಿದೆ. ಯಾರು ಬೇಕಾದರೂ ಹೋಗಿ ನೋಡಬಹುದು. ಬೀದಿಯಿಂದ ಉದ್ದವಾದ ಓಣಿಯಲ್ಲಿ ಒಳನಡೆದು, ಮನೆಯ ಮುಂದೆ ಹರಿಯುವ ಸಣ್ಣ ಕಾಲುವೆಯಲ್ಲಿ ಮೈ ಕೈ ತೊಳೆದು ಒಳಗೆ ಕಾಲಿಡಬೇಕು. ಒಳಗೆ ದೇವರ ಕೋಣೆ. ರಾತ್ರಿ ಪ್ರಾರ್ಥನೆ, ಊಟ, ನಿದ್ರೆ. ಮರುದಿನ ಸಾಮಾನು ಹೊರಲು, ಮುಂದೆ ನಡೆಯಲು ‘ಗೋರಿಕಿ’ ಎಂಬ ಬಲಶಾಲಿ ಆಳುಗಳನ್ನು ಓಶಿಯೇ ಗೊತ್ತುಮಾಡುತ್ತಿದ್ದ. ಗೋರಿಕಿಗೆ ಪರ್ವತದ ಗಾಳಿಯ ಗುಣ ಗೊತ್ತು. ಯಾವ ಮೋಡ ಮಳೆಯದು, ಯಾವ ಮೋಡ ಬರಿಯ ಬೆದರಿಕೆಯದು ಎಂದು ಗೊತ್ತು.

ಯಾತ್ರಿಕರ ಉಡುಗೆ ಬಿಳಿ. ಜಪಾನಿನಲ್ಲಿ ಶವಕ್ಕೆ ಉಡಿಸುವುದೂ ಬಿಳಿಯೇ. ಹತ್ತುವವನು ಒಮ್ಮೆ ಸತ್ತು, ಇಳಿದು ಬರುವಾಗ ಮತ್ತೆ ಹುಟ್ಟುತ್ತಾನೆ ಎಂಬುದು ಭಾವನೆ. ಬುಡದ ಗುಡಿಯಲ್ಲಿ ಕೈಮುಗಿದು ಹೊರಟರೆ ಮೊದಲು ‘ಹುಲ್ಲಿನ ಬೆಟ್ಟ’, ಆಮೇಲೆ ‘ಮರಗಳ ಬೆಟ್ಟ’, ಕೊನೆಗೆ ‘ಸುಟ್ಟ ಬೆಟ್ಟ’. ‘ಕುದುರೆ ಹಿಂತಿರುಗುವ ಜಾಗ’ ಎಂಬ ಹೆಸರಿನ ಒಂದು ಸ್ಥಳವಿದೆ. ಅಲ್ಲಿಂದ ಮೇಲೆ ಎಂಥ ಧನಿಕನೂ ಇಳಿದು ನಡೆಯಲೇಬೇಕು. ದಾರಿಯನ್ನು ಹತ್ತು ಹಂತಗಳಾಗಿ ಭಾಗಿಸಿದ್ದರು. ನಡೆಯುವಾಗ ಎಲ್ಲರೂ ಒಂದೇ ಲಯದಲ್ಲಿ ‘ರೊಕ್ಕೋನ್ ಶೋಜೋ’ ಎಂದು ಹೇಳುತ್ತ ಹೋಗುವರು. ಆರು ಇಂದ್ರಿಯಗಳು ಶುದ್ಧವಾಗಲಿ ಎಂದು ಅದರ ಅರ್ಥ. ಕಣ್ಣು, ಕಿವಿ, ಮೂಗು, ನಾಲಗೆ, ಮೈ, ಆರನೆಯದು ಮನಸ್ಸು. ಇದೂ ಬೌದ್ಧಧರ್ಮದೊಡನೆ ನಮ್ಮ ಕಡೆಯಿಂದ ಹೋದ ಎಣಿಕೆಯೇ. ಈ ಘೋಷದಿಂದ ಇನ್ನೊಂದು ಪ್ರಯೋಜನವೂ ಇದೆ. ಮಾತು ಆಡುತ್ತ ಆಡುತ್ತ ಹತ್ತುವವನು ಉಸಿರಿಗೆ ಮೀರಿ ಓಡಲಾರ. ಗಾಳಿ ತೆಳುವಾಗುವ ಎತ್ತರದಲ್ಲಿ ಎಲ್ಲರೂ ನಿಧಾನವಾಗಿ, ಒಂದೇ ಹೆಜ್ಜೆಯಲ್ಲಿ ನಡೆಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕಲ್ಲಿನ ಗೋಡೆಯ ಗುಡಿಸಲಿನಲ್ಲಿ ರಾತ್ರಿ ಕಳೆದು, ನಸುಕಿನಲ್ಲಿ ಎದ್ದು, ಸೂರ್ಯೋದಯ ಕಂಡು, ಶಿಖರದ ಅಷ್ಟದಳವನ್ನು ಪ್ರದಕ್ಷಿಣೆ ಬಂದರೆ ಯಾತ್ರೆ ಸಫಲ. ಮೋಡದ ಮೇಲೆ ತಮ್ಮದೇ ನೆರಳು ಪ್ರಭಾವಳಿಯೊಡನೆ ಬಿದ್ದಾಗ ಅಮಿತಾಭನೇ ಎದುರುಗೊಳ್ಳಲು ಬಂದನೆಂದು ಭಕ್ತರು ಕೈಮುಗಿಯುತ್ತಿದ್ದರು.

ಬೆಟ್ಟಕ್ಕೆ ಬರಲಾರದವರ ಗತಿ? ಅದಕ್ಕೂ ಒಬ್ಬ ದಾರಿ ಹುಡುಕಿದ. ಜಿಕಿಗ್ಯೋನ ಶಿಷ್ಯನಾದ ತಕಾದಾ ತೋಶಿರೋ ಎಂಬ ತೋಟಗಾರ 1779-80ರಲ್ಲಿ ಎಡೋ ನಗರದಲ್ಲೇ ಒಂದು ಪುಟ್ಟ ಫೂಜಿಯನ್ನು ಕಟ್ಟಿದ. ಮಣ್ಣಿನ ದಿಬ್ಬ, ಮೇಲೆ ಫೂಜಿಯಿಂದಲೇ ತಂದ ಕರಿಯ ಕಲ್ಲು, ಹತ್ತು ಹಂತ, ತುದಿಯಲ್ಲಿ ಗುಡಿ. ಮುದುಕರು, ರೋಗಿಗಳು, ಮಕ್ಕಳು, ಹೆಂಗಸರು ಹತ್ತಿ ಇಳಿದರು. ಇದನ್ನು ನೋಡಿ ನಗರದ ಹಲವು ಕಡೆ ಇಂಥ ಫೂಜಿಗಳು ಎದ್ದುವು. ಕೆಲವು ಇಂದಿಗೂ ಟೋಕಿಯೋದ ಗುಡಿಗಳ ಅಂಗಳದಲ್ಲಿವೆ.

ಇಲ್ಲಿ ‘ಹೆಂಗಸರು’ ಎಂಬ ಮಾತಿನ ಬಳಿ ನಿಲ್ಲಬೇಕಾಗುತ್ತದೆ. ನಿಜವಾದ ಫೂಜಿಯಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಯೋಶಿದಾ ದಾರಿಯಲ್ಲಿ ಅವರು ಎರಡನೆಯ ಹಂತದ ಗುಡಿಯಲ್ಲಿ ನಿಂತು ಹಿಂತಿರುಗಬೇಕು. ಅರವತ್ತು ವರ್ಷಕ್ಕೊಮ್ಮೆ ಬರುವ ‘ಕೋಶಿನ್’ ಸಂವತ್ಸರದಲ್ಲಿ ಮಾತ್ರ ಗೆರೆ ತುಸು ಸಡಿಲವಾಗುತ್ತಿತ್ತು. ಅರವತ್ತು ವರ್ಷಕ್ಕೊಮ್ಮೆ ಎಂದರೆ ಒಂದು ಜನ್ಮಕ್ಕೆ ಒಮ್ಮೆ. ದೇವಿಯ ಬೆಟ್ಟ, ದೇವಿಯ ಹೆಸರು, ಹೆಣ್ಣು ಅಶುದ್ಧಳಲ್ಲವೆಂದ ಗುರು, ಅವನ ನಂತರ ಪಂಥದ ಹೊಣೆ ಹೊತ್ತ ಮಗಳು ಹಾನಾ. ಆದರೂ ಬಾಗಿಲು ಮುಚ್ಚಿಯೇ ಇತ್ತು.

1832ರ ಶರತ್ಕಾಲದಲ್ಲಿ ಆ ಗೆರೆಯನ್ನು ದಾಟಿದವಳು ತಕಾಯಾಮಾ ತತ್ಸು ಎಂಬ ಯುವತಿ. ದಾರಿ ತೋರಿದವನು ಜಿಕಿಗ್ಯೋನ ಮಾತನ್ನು ಅಕ್ಷರಶಃ ನಂಬಿದ್ದ ಕೊತಾನಿ ಸಾನ್ಶಿ ಎಂಬ ವೃದ್ಧ ಗುರು. ಯಾತ್ರೆಯ ಕಾಲ ಮುಗಿದು, ಗುಡಿಸಲುಗಳು ಮುಚ್ಚಿ, ಮೇಲೆ ಹಿಮ ಬೀಳತೊಡಗಿದ ಹೊತ್ತನ್ನು ಇವರು ಬೇಕೆಂದೇ ಆರಿಸಿಕೊಂಡರು. ತಡೆಯುವವರು ಯಾರೂ ಇರುವುದಿಲ್ಲವೆಂದು. ತತ್ಸು ಗಂಡಸಿನ ಹಾಗೆ ತಲೆಗೂದಲು ಕಟ್ಟಿ, ಗಂಡುಡುಗೆ ತೊಟ್ಟು ಶಿಖರ ಮುಟ್ಟಿದಳು. ಫೂಜಿಯ ತುದಿಯೇರಿದಳೆಂದು ಹೆಸರು ತಿಳಿದುಬಂದಿರುವ ಮೊದಲ ಹೆಂಗಸು ಈಕೆ. ಮೂವತ್ತೈದು ವರ್ಷಗಳ ಮೇಲೆ, 1867ರಲ್ಲಿ, ಬ್ರಿಟಿಷ್ ರಾಯಭಾರಿ ಪಾರ್ಕ್ಸ್ ಅವರ ಪತ್ನಿ ಹಗಲಲ್ಲೇ ಹತ್ತಿದರು, ಯಾರೂ ತಡೆಯಲಿಲ್ಲ. 1872ರಲ್ಲಿ ಹೊಸ ಮೆಯ್‌ಜಿ ಸರ್ಕಾರ ಗುಡಿ ಬೆಟ್ಟಗಳಲ್ಲಿದ್ದ ಸ್ತ್ರೀನಿಷೇಧವನ್ನು ಆಜ್ಞೆ ಹೊರಡಿಸಿ ರದ್ದುಮಾಡಿತು. ಆದರೂ ನಾರಾ ಪ್ರಾಂತದ ಓಮಿನೆ ಪರ್ವತದಲ್ಲಿ ಹೆಂಗಸರನ್ನು ತಡೆಯುವ ಹೆಬ್ಬಾಗಿಲು ಇಂದಿಗೂ ನಿಂತಿದೆ.

ಅದೇ ಮೆಯ್‌ಜಿ ಸರ್ಕಾರ ಇನ್ನೊಂದು ಕೆಲಸ ಮಾಡಿತು. 1868ರಲ್ಲಿ ಶಿಂತೋ ದೇವರುಗಳನ್ನೂ ಬುದ್ಧರನ್ನೂ ಬೇರ್ಪಡಿಸಬೇಕೆಂದು ಅಪ್ಪಣೆಯಾಯಿತು. ಸಾವಿರ ವರ್ಷ ಒಂದೇ ಬೆಟ್ಟದಲ್ಲಿ ಒಟ್ಟಿಗಿದ್ದವರು ಅಗಲಿದರು. 1874ರಲ್ಲಿ ಫೂಜಿಯ ಮೇಲಿನ ಬುದ್ಧವಿಗ್ರಹಗಳನ್ನು ತೆಗೆದುಹಾಕಿದರು. ಶೃಂಗಗಳ ಹೆಸರುಗಳೂ ಬದಲಾದುವು. ಯಕುಶಿ, ಎಂದರೆ ಭೈಷಜ್ಯಗುರು ಬುದ್ಧನ ಸ್ಥಾನ, ಶಿಂತೋ ದೇವರ ‘ಕುಸುಶಿ’ ಗುಡಿಯಾಯಿತು. ಓಶಿಗಳ ವಂಶಪಾರಂಪರ್ಯದ ಪದವಿಯೂ ಹೊಸ ವ್ಯವಸ್ಥೆಯಲ್ಲಿ ಕರಗಿತು. ಹೆಂಗಸರಿಗೆ ಬಾಗಿಲು ತೆರೆದ ಕೈಯೇ ಬುದ್ಧನನ್ನು ಹೊರಗೆ ಹಾಕಿತು. ಚರಿತ್ರೆಯಲ್ಲಿ ಒಳಿತು ಕೆಡುಕು ಬೇರೆ ಬೇರೆ ಗಾಡಿಗಳಲ್ಲಿ ಬರುವುದು ಅಪರೂಪ.

ಉಳಿದ ಕೆಲಸವನ್ನು ರೈಲೂ ರಸ್ತೆಯೂ ಮುಗಿಸಿದುವು. 1889ರಲ್ಲಿ ಪೂರ್ವದ ಬುಡದ ಗೋತೆಂಬಾಗೆ ರೈಲು ಬಂತು. 1964ರಲ್ಲಿ ಯೋಶಿದಾ ದಾರಿಯ ಐದನೆಯ ಹಂತಕ್ಕೆ ಮೋಟಾರು ರಸ್ತೆ ಆಯಿತು. ಐದನೆಯ ಹಂತದ ಎತ್ತರ ಸುಮಾರು 2,300 ಮೀಟರ್; ಬುಡದ ಗುಡಿಯದು ಸುಮಾರು 850. ಏರಬೇಕಾದ ಎತ್ತರದ ಅರ್ಧವನ್ನು ಬಸ್ಸು ಏರಿಸುತ್ತದೆ. ಹುಲ್ಲಿನ ಬೆಟ್ಟ, ಮರಗಳ ಬೆಟ್ಟ ಕಿಟಕಿಯಲ್ಲಿ ಹಿಂದೆ ಓಡುತ್ತವೆ. ಕುದುರೆ ಹಿಂತಿರುಗುತ್ತಿದ್ದ ಜಾಗಕ್ಕಿಂತ ಬಹಳ ಮೇಲೆ ಮೋಟಾರು ಹಿಂತಿರುಗುತ್ತದೆ. ಓಶಿಗಳ ಬೀದಿ ಬರಿದಾಯಿತು.

2013ರಲ್ಲಿ ಯುನೆಸ್ಕೋ ಸಂಸ್ಥೆ ಫೂಜಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ಪ್ರಕೃತಿಸಂಪತ್ತೆಂದಲ್ಲ, ಸಂಸ್ಕೃತಿಸಂಪತ್ತೆಂದು. 2023ರ ಬೇಸಗೆಯಲ್ಲಿ ಹತ್ತಿದವರು 2 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಕೆಲವರು ರಾತ್ರಿ ಐದನೆಯ ಹಂತದಲ್ಲಿ ಬಸ್ಸಿಳಿದು, ಎಲ್ಲೂ ತಂಗದೆ, ನಿದ್ರೆಯಿಲ್ಲದೆ ಒಂದೇ ಉಸಿರಿನಲ್ಲಿ ತುದಿಗೆ ಹೋಗುತ್ತಾರೆ. ಇದಕ್ಕೆ ಜಪಾನೀಯರು ‘ಗುಂಡಿನ ಹತ್ತುವಿಕೆ’ ಎಂದು ಹೆಸರಿಟ್ಟಿದ್ದಾರೆ. ಬಂದೂಕಿನಿಂದ ಹೊರಟ ಗುಂಡಿನ ಹಾಗೆ. ತೆಳುಗಾಳಿಗೆ ತಲೆ ಸುತ್ತಿ, ಚಳಿಗೆ ನಡುಗಿ ದಾರಿಯಲ್ಲಿ ಕುಸಿಯುವವರು ಹೆಚ್ಚಾಗಿ ಇವರೇ. ಹಾಗಾಗಿ 2024ರಲ್ಲಿ ಯೋಶಿದಾ ದಾರಿಗೆ ಬಾಗಿಲು ಹಾಕಿ, ತಲೆಗೆ 2,000 ಯೆನ್ ಶುಲ್ಕವನ್ನೂ ದಿನಕ್ಕೆ 4,000 ಜನರೆಂಬ ಮಿತಿಯನ್ನೂ ವಿಧಿಸಿದರು. 2025ರಲ್ಲಿ ಶುಲ್ಕ 4,000 ಯೆನ್ ಆಯಿತು. ದಕ್ಷಿಣದ ಶಿಜುವೊಕಾ ಕಡೆಯ ದಾರಿಗಳಿಗೂ ಬಂತು. ಗುಡಿಸಲಿನಲ್ಲಿ ಜಾಗ ಗೊತ್ತುಮಾಡಿಕೊಳ್ಳದವರನ್ನು ಮಧ್ಯಾಹ್ನ ಎರಡರ ಮೇಲೆ ಬಿಡುವುದಿಲ್ಲ.

ದೇವರ ಬೆಟ್ಟಕ್ಕೂ ಟಿಕೆಟ್ಟೇ ಎಂದು ಮೂಗುಮುರಿಯುವವರುಂಟು. ನನಗೆ ಹಾಗೆನಿಸುವುದಿಲ್ಲ. ಫೂಜಿಗೆ ಬಾಗಿಲಿಲ್ಲದ ಕಾಲವೇ ಇರಲಿಲ್ಲ. ಯಾತ್ರಿಕರು ಹಣ ತೆರದ ಕಾಲವೂ ಇರಲಿಲ್ಲ. ಪ್ರಶ್ನೆ ಬಾಗಿಲು ಇರಬೇಕೆ ಬೇಡವೆ ಎಂಬುದಲ್ಲ, ಅದು ಏನನ್ನು ಕೇಳುತ್ತದೆ ಎಂಬುದು. ಎರಡನೆಯ ಹಂತದ ಬಾಗಿಲು ನೀನು ಯಾವ ಹುಟ್ಟಿನವಳು ಎಂದು ಕೇಳುತ್ತಿತ್ತು. ಓಶಿಯ ಮನೆಯ ಬಾಗಿಲು ನೀನು ಸಿದ್ಧನಾಗಿ ಬಂದಿದ್ದೀಯಾ ಎಂದು ಕೇಳುತ್ತಿತ್ತು. ಮೊದಲನೆಯದು ಹೋದದ್ದು ನ್ಯಾಯ. ಎರಡನೆಯದೂ ಅದರೊಡನೆ ಹೋಯಿತಲ್ಲ, ಅದು ನಷ್ಟ. ಇಂದಿನ ಶುಲ್ಕದ ಬಾಗಿಲು ಈ ಎರಡನೆಯ ಪ್ರಶ್ನೆಯನ್ನು ತೊದಲುತ್ತ ಮತ್ತೆ ಕೇಳಲು ಹೊರಟಂತಿದೆ. ಆದರೆ ಹಣ ಪಡೆಯುವ ಕಟ್ಟೆ ಎಣಿಸಬಲ್ಲುದು. ಮೊಣಕಾಲು ಹೇಗಿದೆ ಎಂದು ವಿಚಾರಿಸಲಾರದು. ಅದಕ್ಕೆ ಮನುಷ್ಯನೇ ಬೇಕು.

ಆದ್ದರಿಂದ ನಮ್ಮ ಪಟ್ಟಿಯಲ್ಲಿ ‘ಮಾರ್ಗದರ್ಶಿ’ ಎಂಬ ಬಾಬತ್ತು ಉಳಿಯಿತು. ಬಸ್ಸಿನ ಬಾಬತ್ತನ್ನು ಹೊಡೆದುಹಾಕಿದೆವು. ಬುಡದ ಗುಡಿಯಿಂದಲೇ ನಡೆದು, ದಾರಿಯಲ್ಲಿ ತಂಗಿ, ಇಳಿಯುವುದನ್ನೂ ಸೇರಿಸಿ ಮೂರು ದಿನವೆಂದು ನಿಶ್ಚಯಿಸಿದ್ದೇವೆ. ನಮ್ಮಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆ ಎಂಬುದು ಮೊದಲ ಕರಾರು. ಚೀಟಿ ಕಟ್ಟಿದ ಬಡಗಿಯೂ ಮೀನು ಮಾರುವವನೂ ಅದನ್ನು ಯಾವ ಕರಾರೂ ಇಲ್ಲದೆ ಬಲ್ಲವರಾಗಿದ್ದರು.

ದಾರಿ ತೋರುವುದೆಂದರೆ ಬೆರಳು ಚಾಚುವುದಷ್ಟೇ ಅಲ್ಲ. 31 ದಿನ ಪಕ್ಕದಲ್ಲಿ ಕುಳಿತು ಸಾಯುತ್ತಿರುವವನ ಮಾತು ಬರೆದುಕೊಂಡ ತಾನಾಬೆ ದಾರಿ ತೋರಿದ. ಬೆಟ್ಟವನ್ನೇ ಊರಿಗೆ ತಂದ ತೋಟಗಾರ ದಾರಿ ತೋರಿದ. ಮುಚ್ಚಿದ ಬಾಗಿಲ ಮುಂದೆ ನಿಂತವಳನ್ನು ಹಿಮದಲ್ಲಿ ಮೇಲಕ್ಕೆ ಕರೆದೊಯ್ದ ಮುದುಕ ದಾರಿ ತೋರಿದ. ಇವರಲ್ಲಿ ಯಾರೂ ತಾನೊಬ್ಬನೇ ತುದಿ ಮುಟ್ಟಿದರೆ ಸಾಕೆಂದು ಹೊರಟವರಲ್ಲ. ಶಿಖರ ಎಲ್ಲಿದೆ ಎಂಬುದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ; ಜೊತೆಯವನು ಎಲ್ಲಿದ್ದಾನೆ ಎಂದು ಹಿಂತಿರುಗಿ ನೋಡುವುದನ್ನು ಮಾತ್ರ ಯಾರಾದರೂ ಕಲಿಸಬೇಕಾಗುತ್ತದೆ.